ಇಮಾಮನ ಗುಡುಗು

ಗುಡುಗು ನನ್ನದು. ಪಾಂಡವಪುರದಲ್ಲಿ ಐವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ, ನಾಟಕಕ್ಕೆ ಗುಡುಗು ಹಾಕುತ್ತಿದ್ದವರು ಯಾರು ಅಂತ ಕೇಳಿ. ಸದ್ದಿನ ಶಾಮಣ್ಣ ಅಂತಲೇ ಹೇಳುತ್ತಾರೆ. ಬೆಳಿಗ್ಗೆ ದೇವಸ್ಥಾನದಲ್ಲಿ ಮೃದಂಗ, ಸುಗ್ಗಿ ಮುಗಿದ ಮೇಲೆ ಊರೂರಿನ ಪೌರಾಣಿಕ ನಾಟಕಗಳಲ್ಲಿ ಸದ್ದು. ಹೀಗೇ ನಲವತ್ತು ವರ್ಷ ಕಳೆದೆ. ಪರದೆಯ ಹಿಂದೆ ನಿಂತು ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸಿದ್ದೇನೆ. ಮೊರದಲ್ಲಿ ಹುರುಳಿ ಅಲ್ಲಾಡಿಸಿ ಮಳೆ ಸುರಿಸಿದ್ದೇನೆ. ಮರದ ಪೆಟ್ಟಿಗೆಯೊಳಗೆ ಹೊಳೆಗಲ್ಲು ಉರುಳಿಸಿ ರಥ ಎಳೆದಿದ್ದೇನೆ. ಆದರೆ ಜನ ನೆನಪಿಟ್ಟುಕೊಂಡಿದ್ದು ಗುಡುಗನ್ನು. ಆಳೆತ್ತರದ ತೆಳು ತಗಡನ್ನು ಹಗ್ಗದಲ್ಲಿ ತೂಗುಹಾಕಿ, ಕೆಳಗಿನ ಮರದ ಹಿಡಿ ಹಿಡಿದು ಅಲ್ಲಾಡಿಸಬೇಕು. ಮೈಕು ಇಲ್ಲದ ಕಾಲದಲ್ಲಿ ನನ್ನ ಗುಡುಗು ಕೊನೆಯ ಸಾಲಿನ ಆಚೆ ಕೂತ ಕಡಲೆಕಾಯಿ ಮಾರುವವಳಿಗೂ ಕೇಳುತ್ತಿತ್ತು.

ಬೂಕನಕೆರೆಯಲ್ಲಿ ಒಮ್ಮೆ ನಾನು ಗುಡುಗು ಹಾಕಿದ್ದಕ್ಕೆ ಚೌಡಯ್ಯ ಎಂಬ ರೈತ ನಾಟಕ ಬಿಟ್ಟು ಎದ್ದು, ಕಣದಲ್ಲಿ ಹರಡಿದ್ದ ಹುರುಳಿ ಮುಚ್ಚಲು ಓಡಿದ್ದ. ಆಕಾಶದಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಬಾಯಲ್ಲಿ 'ಬೂಕನಕೆರೆ' ಅಂತ ಬಂದ ಕೂಡಲೇ ನನ್ನ ಹೆಂಡತಿ ಪದ್ಮ ಒಲೆ ನೋಡುವ ನೆವದಲ್ಲಿ ಎದ್ದು ಹೋಗುತ್ತಾಳೆ.

ಆಮೇಲೆ ಲೋಕೇಶ ಎಂಬುವನು ಎಲೆಕ್ಟ್ರಾನಿಕ್ ಪ್ಯಾಡು ತಂದ. ಕಡ್ಡಿಯಲ್ಲಿ ಒಂದು ಏಟು ಹೊಡೆದರೆ ಗುಡುಗು, ಇನ್ನೊಂದಕ್ಕೆ ಕುದುರೆ. ದುರ್ಯೋಧನ ಬಂದರೂ ಅದೇ ಗುಡುಗು, ಧರ್ಮರಾಯ ಬಂದರೂ ಅದೇ ಗುಡುಗು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನನ್ನ ತಗಡು ಹಿತ್ತಲಿನ ಬಚ್ಚಲಿಗೆ ಮರೆಯಾಗಿ ನಿಂತಿತು. ಇಪ್ಪತ್ತು ವರ್ಷ ಯಾರೂ ಕರೆಯಲಿಲ್ಲ.

ಹೀಗಿರುವಾಗ ಸಿಂಚನ ಮನೆ ಹುಡುಕಿಕೊಂಡು ಬಂದಳು. ನಮ್ಮೂರಿನವಳೇ. ನಾಟಕದ ಶಾಲೆಯಲ್ಲಿ ಮೂರು ವರ್ಷ ಬರೀ ಸದ್ದಿನ ಬಗ್ಗೆಯೇ ಓದಿ ಬಂದಿದ್ದಳು. ಸದ್ದಿಗೂ ಓದು ಇದೆ ಅಂತ ನನಗೆ ಆಗಲೇ ಗೊತ್ತಾಗಿದ್ದು. ಪಾಂಡವರು ವನವಾಸದಲ್ಲಿ ನಮ್ಮ ಕುಂತಿಬೆಟ್ಟದಲ್ಲಿದ್ದರು ಎನ್ನುತ್ತಾರಲ್ಲ, ಆ ಕುಂತಿಯ ಮೇಲೆ ಒಂದು ನಾಟಕ ಕಟ್ಟುತ್ತಿದ್ದಳು. ಕೈಯಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕ ಇತ್ತು. ಯಾವ ಸದ್ದು, ಯಾರದು, ಅವರಿಗೆ ಅದು ಹೇಗೆ ಹೊಳೆಯಿತು ಎಂದು ಒಂದೊಂದಕ್ಕೆ ಒಂದೊಂದು ಪುಟ ಇಟ್ಟಿದ್ದಳು. ಮುಂದೆ ಅಚ್ಚು ಹಾಕಿಸುತ್ತಾಳಂತೆ.

"ರೆಕಾರ್ಡ್ ಮಾಡಿದ್ದು ಒಂದೂ ಬ್ಯಾಡ ತಾತ" ಅಂದಳು. "ಎಲ್ಲಾ ಸದ್ದೂ ಅಲ್ಲೇ ಹುಟ್ಬೇಕು. ನೀವು ಪರದೆ ಹಿಂದೆ ಅಲ್ಲ, ಸ್ಟೇಜ್ ಮೇಲೇ ಇದ್ಕಂಡು ಮಾಡ್ಬೇಕು. ಜನ ನಿಮ್ಮ ಕೈ ನೋಡ್ಬೇಕು."

ನಲವತ್ತು ವರ್ಷ ಪರದೆಯ ಹಿಂದೆ ಬೆವರಿದವನಿಗೆ ಈ ಮಾತು ಕೇಳಿ ಏನಾಗಿರಬೇಡ. ಗುಡುಗಿನ ತಗಡು ರಂಗದ ನಟ್ಟನಡುವೆ ತೂಗುತ್ತದೆ ಅಂದಳು. ಅದರ ಮುಂದೆ ನಿಂತ ನನ್ನನ್ನು ನಾನೇ ನೋಡಿಕೊಂಡೆ. ಯಾವ ಅಂಗಿ ಹಾಕಿಕೊಳ್ಳಬೇಕು ಅಂತಲೂ ಆಗಲೇ ತೀರ್ಮಾನಿಸಿದೆ.

ತಗಡು ಹೊರಗೆ ತಂದು ನೋಡಿದರೆ ತುಕ್ಕು ತಿಂದು ಜರಡಿಯಾಗಿತ್ತು. ಹೊಸದಕ್ಕೆಂದು ನಾನೇ ಅವಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದು ಅಲ್ಲೇ.

ಅಲ್ಲಿ ಇಮಾಮನ ತಗಡಿನ ಅಂಗಡಿ. ಟ್ರಂಕು, ಜರಡಿ, ಸೂರಿನ ನೀರು ಹರಿಯುವ ದೋಣಿ, ಇಂಥವನ್ನು ಬಡಿಯುವುದು ಅವನ ಕಸುಬು. ನನ್ನ ವಯಸ್ಸಿನವನೇ. ನನ್ನ ಹಳೆಯ ತಗಡನ್ನೂ ಅವನೇ ಮಾಡಿಕೊಟ್ಟಿದ್ದು. ಆದರೆ ನಾಟಕದ ಹತ್ತಿರ ಸುಳಿದವನಲ್ಲ. ಅವನ ಹೆಂಡತಿ ಕಮರುನ್ನೀಸಾ ಟೀ ಕೊಟ್ಟಳು. ನಾನು ಲೋಟ ಹಿಡಿದು ಸಿಂಚನಳಿಗೆ ಬೂಕನಕೆರೆಯ ಕಥೆ ಶುರುಮಾಡಿದ್ದೆ. ಇಮಾಮ್ ಹೊಸ ತಗಡೊಂದನ್ನು ಎತ್ತಿ, ಅಂಚು ಹಿಡಿದು, ಕಿವಿಯ ಹತ್ತಿರ ತಂದು ಸುಮ್ಮನೆ ಒಂದು ಸಲ ನಡುಗಿಸಿದ. ತಗಡು ಒಳ್ಳೆಯದೋ ಅಲ್ಲವೋ ಎಂದು ಅವನು ನೋಡುವುದೇ ಹಾಗೆ.

ಸಿಂಚನ ಕಣ್ಣು ಮುಚ್ಚಿಕೊಂಡಳು. ನನ್ನ ಚೌಡಯ್ಯ ಇನ್ನೂ ಕಣಕ್ಕೆ ಹೋಗಿ ಮುಟ್ಟಿರಲಿಲ್ಲ.

"ತಾತ, ನಾಟಕಕ್ಕೆ ನೀವೇ ಬತ್ತೀರಾ?" ಅಂದಳು. ಕೇಳಿದ್ದು ಅವನನ್ನು.

"ನಂಗೇನ್ ಬತ್ತದವ್ವ ನಾಟ್ಕ? ಟ್ರಂಕ್ ಮಾಡೋನು ನಾನು. ಶಾಮಣ್ಣೋರು ಅವ್ರಲ್ಲ" ಅಂದ ಇಮಾಮ್. ಅಂದನೇ ಹೊರತು ಬರುವುದಿಲ್ಲ ಅನ್ನಲಿಲ್ಲ.

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಅವಳು ನನಗೆ ಸಮಾಧಾನ ಹೇಳಿದಳು. "ನೀವು ಗುಡುಗನ್ನ ಬಾರಿಸ್ತೀರಿ ತಾತ. ಇಮಾಮ್ ತಾತ ಅದನ್ನ ಕೇಳಿಸ್ಕತಾರೆ. ನನ್ನ ನಾಟಕಕ್ಕೆ ಕೇಳಿಸ್ಕಳೋರು ಬೇಕು. ಕುದುರೆ, ಮಳೆ, ರಥ ಎಲ್ಲಾ ನಿಮ್ದೇ." ಒಲೆ ಮಾಡಿದವನನ್ನು ಕರೆತಂದು ಅಡುಗೆಗೆ ಕೂರಿಸಿ, ಅಡುಗೆಯವನಿಗೆ ಎಲೆ ತೊಳೆಯಲು ಹೇಳಿದ ಹಾಗಿತ್ತು. ಕಿರಂಗೂರು ದಾಟುವವರೆಗೂ ನಾನು ಕಿಟಕಿ ಕಡೆಯೇ ನೋಡುತ್ತಿದ್ದೆ.

ತಾಲೀಮು ಒಂದು ತಿಂಗಳು ನಡೆಯಿತು. ದಿನಾ ಮಧ್ಯಾಹ್ನ ಇಮಾಮ್ ಬಿಳಿ ಜುಬ್ಬಾ ಹಾಕಿಕೊಂಡು ಬಂದು ರಂಗದ ನಡುವೆ ನಿಲ್ಲುತ್ತಿದ್ದ. ನಾನು ಮೂಲೆಯಲ್ಲಿ ಚಿಪ್ಪು, ಮೊರ, ಪೆಟ್ಟಿಗೆ ಹರಡಿಕೊಂಡು ಕೂರುತ್ತಿದ್ದೆ. ಕುಂತಿಯ ಪಾತ್ರದ ಭಾವನಾ ಅವನಿಗೇ ಮೊದಲು ನೀರು ಕೊಡುತ್ತಿದ್ದಳು. ಅವನು ಜೇಬಿನಿಂದ ಖರ್ಜೂರ ತೆಗೆದು ಎಲ್ಲರಿಗೂ ಹಂಚುತ್ತಿದ್ದ. ನನಗೂ ಕೊಡುತ್ತಿದ್ದ, ನಾನೂ ತಿನ್ನುತ್ತಿದ್ದೆ. ಅವನ ಖರ್ಜೂರ ಚೆನ್ನಾಗಿತ್ತು ಎಂಬುದೂ ನನಗೆ ಉರಿಯಾಗಿತ್ತು.

ಒಂದೇ ಸಮಾಧಾನವೆಂದರೆ ಅವನ ಗುಡುಗು ಸಿಂಚನಳಿಗೆ ಬೇಕಾದ ಹಾಗೆ ಬರುತ್ತಿರಲಿಲ್ಲ. ಕೊನೆಯ ದೃಶ್ಯದಲ್ಲಿ ಕುಂತಿ ಒಬ್ಬಳೇ ಭತ್ತ ಕುಟ್ಟುತ್ತಾ ಮಕ್ಕಳ ದಾರಿ ಕಾಯುತ್ತಿರುತ್ತಾಳೆ. ಆಗ ಬೆಟ್ಟದ ಆಚೆ ಎಲ್ಲೋ ಗುಡುಗಬೇಕು. ಇಮಾಮ್ ಎಷ್ಟು ಮೆಲ್ಲಗೆ ಅಲ್ಲಾಡಿಸಿದರೂ ತಗಡಿನ ಕೀರಲು ಉಳಿದೇಬಿಡುತ್ತಿತ್ತು. "ಇನ್ನೂ ದೂರ ತಾತ, ಇನ್ನೂ ದೂರ" ಅನ್ನುತ್ತಿದ್ದಳು ಅವಳು. ತಗಡಿನಲ್ಲಿ ಹತ್ತಿರದ ಗುಡುಗು ಬರುತ್ತದೆ, ದೂರದ್ದು ಬರುವುದಿಲ್ಲ, ನಲವತ್ತು ವರ್ಷದಲ್ಲಿ ನನಗೂ ಬಂದಿಲ್ಲ. ಇದನ್ನು ನಾನು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವನು ಬೆವರುವುದನ್ನು ನೋಡುತ್ತಾ ಕೂತೆ.

ಮೊದಲ ಪ್ರದರ್ಶನ ಪಾಂಡವಪುರದಲ್ಲಿ, ಭಾನುವಾರ ಸಂಜೆ ಐದೂವರೆಗೆ. ಅಂದು ಬೆಳಿಗ್ಗೆ ಗೋಡೆಯ ಮೇಲೆ ಅಂಟಿಸಿದ ಪೋಸ್ಟರ್ ನೋಡಿದೆ. ತಗಡು ಹಿಡಿದು ನಿಂತ ಇಮಾಮನ ಚಿತ್ರವನ್ನೇ ಹಾಕಿದ್ದರು. ನನ್ನ ಊರು, ನನ್ನ ಗುಡುಗು, ಚಿತ್ರ ಶ್ರೀರಂಗಪಟ್ಟಣದವನದು. ಮನೆಗೆ ಬಂದು ರವೆ ಕಲಸಲು ಕೂತೆ.

ರವೆ ಯಾಕೆ ಅಂದರೆ, ಮೃದಂಗದ ಎಡಗಡೆಗೆ ನುಡಿಸುವ ಮುಂಚೆ ರವೆ ಕಲಸಿ ಹಚ್ಚುತ್ತೇವೆ. ಹದವಾಗಿ ಹಚ್ಚಿದರೆ ದನಿ ಇಳಿಯುತ್ತದೆ. ಅತಿಯಾಗಿ ಮೆತ್ತಿದರೆ ಮೃದಂಗ ಸತ್ತ ಹಾಗೆ, ಬರೀ ದಪ್ ದಪ್. ತಗಡಿನ ಬೆನ್ನಿಗೆ ಒಂದು ಮುಷ್ಟಿ ಮೆತ್ತಿಬಿಟ್ಟರೆ ಊರಿನ ಮುಂದೆ ಇಮಾಮನ ಗುಡುಗು ಸಾಯುತ್ತದೆ. ನನ್ನ ಲೆಕ್ಕ ಇಷ್ಟೇ.

ಡಬ್ಬಿಗೆ ಹಿಟ್ಟು ತುಂಬಿಕೊಂಡು ಹೊರಟಾಗ ಪದ್ಮ ಬಾಗಿಲಲ್ಲಿ ನಿಂತಿದ್ದಳು. "ಅಲ್ಲ, ಮೃದಂಗ ಮೂಲೇಲೇ ಅದೆ. ಹಿಟ್ಟು ಎಲ್ಲಿಗ್ ಹೊಂಟ್ತು?" ಅಂದಳು.

"ನಿಂಗ್ಯಾಕೆ" ಅಂದು ಚಪ್ಪಲಿ ಮೆಟ್ಟಿಕೊಂಡೆ.

ಐದು ಗಂಟೆಗೆ ಇಮಾಮ್ ನಮಾಜಿಗೆ ಹೋದ. ಉಳಿದವರು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಪರದೆ ಎಳೆದಿತ್ತು. ನಾನು ತಗಡಿನ ಹಿಂದೆ ಹೋಗಿ ನಿಂತೆ.

ಕೆಡಿಸುವವನು ಎಲ್ಲೆಂದರಲ್ಲಿ ಮೆತ್ತಿ ಓಡಿಹೋಗಬೇಕು. ಆದರೆ ಕೈ ಕೇಳಬೇಕಲ್ಲ. ಎಡಗೈ ತಾನಾಗಿ ತಗಡನ್ನು ತಟ್ಟಿತು. ಕಿವಿ ಬಗ್ಗಿತು. ಇಲ್ಲಲ್ಲ, ಸ್ವಲ್ಪ ಕೆಳಗೆ, ಸ್ವಲ್ಪ ಬಲಕ್ಕೆ ಎಂದು ಬೆರಳು ಹುಡುಕಿಕೊಂಡು ಹೋಯಿತು. ಅಲ್ಲಿ ಹಿಟ್ಟು ಇಟ್ಟೆ. ಬೆರಳು ಒದ್ದೆ ಮಾಡಿಕೊಂಡು ಅಂಚು ಸವರಿ ಗುಂಡಗೆ ಮಾಡಿದೆ. ಹೆಚ್ಚಾಯಿತು ಅನ್ನಿಸಿ ಒಂದು ಚಿಟಿಕೆ ವಾಪಸ್ಸು ತೆಗೆದೆ. ಯಾಕೆ ತೆಗೆದೆ ಅಂತ ಆಮೇಲೆ ಎಷ್ಟೋ ದಿನ ನನ್ನನ್ನೇ ಬೈದುಕೊಂಡಿದ್ದೇನೆ. ಕೆಡಿಸುವ ಕೆಲಸವನ್ನೂ ನಾನು ಅಚ್ಚುಕಟ್ಟಾಗಿ ಮಾಡಿದ್ದೆ.

ನಾಟಕ ಚೆನ್ನಾಗಿಯೇ ನಡೆಯಿತು. ನನ್ನ ಕುದುರೆಗೆ ಚಪ್ಪಾಳೆ ಬಿತ್ತು, ನನ್ನ ಮಳೆಗೂ ಬಿತ್ತು. ನನಗೆ ಅದರ ಕಡೆ ಗಮನವಿರಲಿಲ್ಲ. ಕೊನೆಯ ದೃಶ್ಯ ಬಂತು. ಭಾವನಾ ಒನಕೆ ಹಿಡಿದಳು. ಇಮಾಮ್ ತಗಡಿನ ಹಿಡಿ ಹಿಡಿದು ಅಲ್ಲಾಡಿಸಿದ.

ಮೊದಲು ಏನೂ ಕೇಳಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು. ಆಮೇಲೆ ನಾನು ಕೂತಿದ್ದ ಹಲಗೆ ಸಣ್ಣಗೆ ನಡುಗಿತು. ಕೀರಲು ಒಂದಿಷ್ಟೂ ಇರಲಿಲ್ಲ. ಕುಂತಿಬೆಟ್ಟದ ಆಚೆ, ಚಿನಕುರಳಿಯ ಕಡೆ ಎಲ್ಲೋ, ಒಂದು ಗುಡುಗು ಎದ್ದು, ಹೊರಳಿ, ಇತ್ತ ಬರಲೋ ಬೇಡವೋ ಎಂದು ಯೋಚಿಸಿ ಅಲ್ಲೇ ಅಡಗಿತು. ಭಾವನಾ ಕುಟ್ಟುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಹಾಗೆ ಮಾಡು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೇ ಸಾಲಿನಲ್ಲಿ ಒಬ್ಬ ಹೆಂಗಸು ಫೋನು ತೆಗೆದು ಸೆರಗು ಮುಚ್ಚಿಕೊಂಡು, "ಮಾಳ್ಗೆ ಮ್ಯಾಲೆ ಮೆಣಸಿನ್‌ಕಾಯಿ ಅವೆ ಕಣ್ಲಾ, ಒಳೀಕ್ ತಕ್ಕೊ" ಅಂದಳು.

ಆ ಮಾತು ನನ್ನ ಎದೆಗೆ ಒದೆ ಕೊಟ್ಟ ಹಾಗಾಯಿತು. ನನಗೆ ಇದ್ದಿದ್ದೇ ಒಬ್ಬ ಚೌಡಯ್ಯ. ಅವನನ್ನೂ ಇಮಾಮ್ ಕಿತ್ತುಕೊಂಡಿದ್ದ.

ಪರದೆ ಬಿದ್ದ ಮೇಲೆ ಸಿಂಚನ ಇಮಾಮನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಜನ ಮೊಬೈಲು ಹಿಡಿದು ಅವನ ಸುತ್ತ ಮುತ್ತಿದರು. ಅವನು ಮಾತ್ರ ಯಾರನ್ನೂ ತಗಡಿನ ಹತ್ತಿರ ಬಿಡದೆ, ಅವಸರದಲ್ಲಿ ಬಿಚ್ಚಿ, ಹಾಸಿಗೆಯ ಹೊದಿಕೆಯೊಂದರಲ್ಲಿ ಸುತ್ತಿಬಿಟ್ಟ. ಹಿಟ್ಟು ಕಿತ್ತು ಹಾಕಲು ನನಗೆ ಸಂದು ಸಿಗಲಿಲ್ಲ. ಮೇಜಿನ ಮೇಲೆ ಸಿಂಚನಳ ಪುಸ್ತಕ ತೆರೆದಿತ್ತು. 'ದೂರದ ಗುಡುಗು: ಇಮಾಮ್, ಶ್ರೀರಂಗಪಟ್ಟಣ' ಎಂದು ಬರೆದು ಅಡಿಗೆರೆ ಎಳೆದಿದ್ದಳು. ಹೇಗೆ ಹೊಳೆಯಿತು ಎಂಬಲ್ಲಿ ಖಾಲಿ ಬಿಟ್ಟಿದ್ದಳು.

ಮನೆಗೆ ಬಂದು ಪದ್ಮಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ನಕ್ಕೇ ನಕ್ಕಳು. "ಪಾಪ, ಇಮಾಮಣ್ಣಂಗೆ ಒಳ್ಳೇದ್ ಮಾಡ್ಬುಟ್ಟು ಬಂದ್ರಿ ಬುಡಿ. ನಾಳಿಕ್ಕೆ ಉಪ್ಪಿಟ್ಟಿಗೆ ರವೆ ಇಲ್ಲ" ಅಂದಳು.

ನನ್ನ ಪಾಡು ಯಾರಿಗೆ ಹೇಳಲಿ. ನನ್ನ ಜೀವಮಾನದಲ್ಲೇ ಹುಟ್ಟಿದ ಒಳ್ಳೆಯ ಗುಡುಗು ಅದು. ನನ್ನ ಕೈಯಿಂದ ಹುಟ್ಟಿದ್ದು. ಅದು ನನ್ನದು ಅಂತ ಒಂದು ಮಾತು ಹೇಳಬೇಕಾದರೆ, ನಮಾಜಿಗೆ ಹೋದ ಮನುಷ್ಯನ ಬೆನ್ನ ಹಿಂದೆ ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ಹದಿನೈದು ದಿನ ಆ ಮಾತು ಗಂಟಲಿನಲ್ಲೇ ಇತ್ತು. ಊರಿನಲ್ಲಿ ಸಿಕ್ಕವರೆಲ್ಲ, "ಶಾಮಣ್ಣೋರೆ, ಆ ಸಾಬ್ರು ಗುಡುಗು ಕೇಳುದ್ರಾ?" ಅನ್ನುತ್ತಿದ್ದರು. ಕೇಳಿದೆ ಅನ್ನುತ್ತಿದ್ದೆ.

ಎರಡನೇ ಪ್ರದರ್ಶನ ನಾಗಮಂಗಲದಲ್ಲಿ, ಆದಿಚುಂಚನಗಿರಿಯ ಕಡೆಯ ಒಂದು ಕಾಲೇಜಿನ ಸಭಾಂಗಣದಲ್ಲಿ. ಮಧ್ಯಾಹ್ನ ಮೂರಕ್ಕೆ ನಾಟಕ. ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಬೆಳಿಗ್ಗೆಯೇ ಹೋದೆವು. ದಾರಿಯುದ್ದಕ್ಕೂ ಇಮಾಮ್ ಒಂದು ಖರ್ಜೂರವನ್ನೂ ಹಂಚಲಿಲ್ಲ. ಹನ್ನೊಂದು ಗಂಟೆಗೆ ತಗಡು ಕಟ್ಟಿ, ಕೊನೆಯ ದೃಶ್ಯ ಒಂದು ಸಲ ನೋಡೋಣ ಅಂದಳು ಸಿಂಚನ.

ಅವನು ಅಲ್ಲಾಡಿಸಿದ. ತಗಡು ಟ್ರಂಕಿನ ಮುಚ್ಚಳದ ಹಾಗೆ ಕಿರುಚಿತು. ಇನ್ನೊಂದು ಸಲ ಅಲ್ಲಾಡಿಸಿದ, ಮತ್ತೂ ಒಂದು ಸಲ. ಸಿಂಚನಳ ಮುಖ ಸಣ್ಣದಾಯಿತು. "ಅವತ್ತಿನ್ ತರ ತಾತ. ಅವತ್ತು ಏನ್ ಮಾಡುದ್ರೋ ಅದು" ಅಂದು, ದೀಪದವರು ಕೂಗಿದರೆಂದು ಅತ್ತ ಹೋದಳು.

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅದು ಒಳಕ್ಕೆ ಇಳಿಯಲಿಲ್ಲ. ಸತ್ತಿದ್ದು ಅವನ ಗುಡುಗಲ್ಲ, ನನ್ನದು.

ಇಮಾಮ್ ನೇರವಾಗಿ ನನ್ನ ಮೂಲೆಗೆ ಬಂದು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ನಾನು ಚಿಪ್ಪು ಒರೆಸುತ್ತಿದ್ದೆ.

"ಶಾಮಣ್ಣೋರೆ" ಅಂದ ಮೆಲ್ಲಗೆ. "ರವೇನೋ, ರಾಗೀನೋ?"

ನನ್ನ ಕೈ ನಿಂತಿತು.

"ಅವತ್ತೇ ನೋಡ್ದೆ ನಾನು" ಅಂದ. "ನಾಟ್ಕ ಮುಗ್ದೇಟ್ಗೆ ತಗಡಿನ್ ಬೆನ್ನು ಮುಟ್ಟುದ್ರೆ ಹಿಟ್ಟು. ಮೃದಂಗದೋರ್ ಕೈ ಅಂತ ಗೊತ್ತಾಯ್ತು. ಹೇಳ್ಬುಡಾನ ಅಂದ್ಕಂಡೆ. ಅಷ್ಟೊತ್ಗೆ ಆ ಮಗು ಬಂದು ಕಾಲ್ ಮುಟ್ಬುಡ್ತು. ಖುದಾ ಕಸಮ್, ಬಾಯೇ ಬರ್ನಿಲ್ಲ ನಂಗೆ. ಎಪ್ಪತ್ತೆಂಟ್ ವರ್ಸಕ್ಕೆ ಟ್ರಂಕ್ ಮಾಡೋನ್ ಕಾಲು ಯಾರ್ ಮುಟ್ಟವ್ರೆ?"

ನಾನು ಅದೇ ಚಿಪ್ಪನ್ನು ಮತ್ತೆ ಒರೆಸಿದೆ.

"ಹಿಟ್ಟು ಒಣಗಿ ಉದುರೋಯ್ತು. ಹದಿನೈದ್ ದಿನದಿಂದ ಮನೇಲಿ ಮೆತ್ತತಾವ್ನಿ. ಚಪಾತಿ ಹಿಟ್ಟೆಲ್ಲಾ ತಗಡಿಗೋಯ್ತು ಅಂತ ಕಮರು ಬಾಯ್ ಮಾಡ್ತಾವ್ಳೆ. ಬತ್ತಾನೇ ಇಲ್ಲ. ಯಾವ್ ಜಾಗ ಅಂತ ಗೊತ್ತಾಯ್ತಾ ಇಲ್ಲ. ಹಾಕ್ಕೊಡಿ."

"ಯಾಕ್ ಹಾಕ್ದೆ ಅಂತ ಕೇಳಕಿಲ್ವಾ?" ಅಂದೆ.

"ಗೊತ್ತಿರೋದ್ನ ಯಾಕ್ ಕೇಳ್ಲಿ" ಅಂದ ಇಮಾಮ್. "ನಾನೂ ಮುಚ್ಚಿಟ್ಟೆನಲ್ಲ. ಇಬ್ರೂ ಒಂದೇ."

ಇಬ್ಬರೂ ಒಂದೇ ಅಲ್ಲ. ಅವನು ಬಂದು ಹೇಳಿದ್ದ, ನಾನು ಹೇಳಿರಲಿಲ್ಲ. ಒಳ್ಳೆಯತನದಲ್ಲೂ ನನಗಿಂತ ಒಂದು ಹೆಜ್ಜೆ ಮುಂದೆ ನಿಂತುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಕಾಲೇಜಿನ ಕ್ಯಾಂಟೀನಿನಿಂದ ರವೆ ಇಸಿದುಕೊಂಡು ಕಲಸಿದೆ. ತಗಡಿನ ಹಿಂದೆ ಹೋಗಿ ನಿಂತೆ. ನಾಲ್ಕು ಬೆರಳು ಆಚೆಗೆ ಹಚ್ಚಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಇವನೇ ಬಂದು ಬೇಡಿಕೊಂಡಿದ್ದಾನೆ ಅಂತ ಮನಸ್ಸು ಹೇಳಿತು. ಎಡಗೈ ಅದರ ಮಾತು ಕೇಳಲಿಲ್ಲ. ತಟ್ಟಿತು, ಹುಡುಕಿತು, ಜಾಗ ಸಿಕ್ಕಿದ ಕೂಡಲೇ ನಿಂತಿತು. ಈ ಸಲ ಇಮಾಮ್ ಪಕ್ಕದಲ್ಲಿ ನಿಂತು ಬೆರಳನ್ನೇ ನೋಡುತ್ತಿದ್ದ. ಅಂಚು ಸವರಿ ಈಚೆ ಬಂದೆ.

ಅವನು ಹಿಡಿ ಹಿಡಿದು, ಕಿವಿಗೊಟ್ಟು, ಒಮ್ಮೆ ನಡುಗಿಸಿದ. ಬೆಟ್ಟದ ಆಚೆಯ ಗುಡುಗು ಎದ್ದು ಹೊರಳಿತು. ನನಗೆ ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ಜಾಗ ನನ್ನದೇ, ಆದರೆ ಹಾಗೆ ಮೆಲ್ಲಗೆ ಅಲ್ಲಾಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ನಾನಾಗಿದ್ದರೆ ಬಾರಿಸಿಬಿಡುತ್ತಿದ್ದೆ.

ಸಿಂಚನ ಓಡಿ ಬಂದಳು. "ಇದೇ ತಾತ, ಇದೇ. ಏನ್ ಮಾಡುದ್ರಿ?"

"ನಂದಲ್ಲ ಕಣವ್ವ" ಅಂದ ಇಮಾಮ್, ತಗಡನ್ನು ತಿರುಗಿಸಿ ಹಿಟ್ಟು ತೋರಿಸಿದ. "ಶಾಮಣ್ಣೋರ್ದು. ಅವತ್ತೂ ಅವರ್ದೇ."

ಅವಳು ಹಿಟ್ಟು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ಅಗಲವಾಯಿತು. ಪುಸ್ತಕ ತೆಗೆದು ಗುಡುಗಿನ ಪುಟ ಬಿಡಿಸಿ, ಖಾಲಿ ಬಿಟ್ಟಿದ್ದ ಜಾಗದ ಮೇಲೆ ಪೆನ್ನು ಇಟ್ಟಳು. "ಹೇಳಿ ತಾತ. ಇದು ನಿಮ್ಗೆ ಎಂಗೆ ಹೊಳೀತು?"

ಇಪ್ಪತ್ತು ವರ್ಷ ನಾನು ಕಾದಿದ್ದ ಪ್ರಶ್ನೆ. ಭಾವನಾ, ದೀಪದವರು, ಎಲ್ಲರೂ ಬಂದು ಸುತ್ತ ನಿಂತರು. ನಾನು ಬೆರಳಿಗೆ ಅಂಟಿದ ಹಿಟ್ಟು ಉಜ್ಜತೊಡಗಿದೆ.

ನನ್ನ ಕಷ್ಟ ಇಮಾಮನಿಗೆ ಅರ್ಥವಾಯಿತು. "ಮೃದಂಗದೋರಲ್ವಾ" ಅಂದ ಸಿಂಚನಳಿಗೆ. "ನನ್ ತಗಡು ಕಿರುಚೋದ್ ನೋಡಿ, ಪಾಪ ಸಹಾಯ ಮಾಡಾನ ಅಂತ ಹಚ್ಚವ್ರೆ. ಅಂಗೇ ಬರ್ಕೊ."

ಎಷ್ಟು ಅಚ್ಚುಕಟ್ಟಾದ ಸುಳ್ಳು. ತಲೆ ಆಡಿಸಿದರೆ ಸಾಕಿತ್ತು. ಆದರೆ ಆ ಸುಳ್ಳು ಇಮಾಮ್ ಕೊಟ್ಟಿದ್ದು. ತಲೆ ಆಡಿಸಿದರೆ ಬದುಕಿರುವಷ್ಟು ದಿನ ನಾನು ಅವನ ಹಂಗಿನಲ್ಲಿರಬೇಕು, ಅವನು ಖರ್ಜೂರ ಕೊಟ್ಟಾಗಲೆಲ್ಲ ಇದೂ ನೆನಪಾಗಬೇಕು. ಅದಕ್ಕಿಂತ ಮರ್ಯಾದೆ ಹೋದರೂ ವಾಸಿ ಅನ್ನಿಸಿತು.

"ಸುಳ್ಳು ಕಣವ್ವ" ಅಂದೆ. "ಇಮಾಮನ ಗುಡುಗು ಕೆಟ್ಟೋಗ್ಲಿ ಅಂತ ಹಚ್ಚಿದ್ದು. ಹೊಟ್ಟೆಕಿಚ್ಚಿಗೆ. ಅವನು ನಮಾಜಿಗೆ ಹೋಗಿದ್ದಾಗ. ಕೆಡಿಸಾಕ್ ಬರ್ನಿಲ್ಲ, ಇಂಗಾಯ್ತು. ಬರ್ಕೊ."

ಸಿಂಚನ ನನ್ನ ಮುಖ ನೋಡಿದಳು. ಇಮಾಮ್ ನೆಲ ನೋಡುತ್ತಾ ನಿಂತ. ಆಮೇಲೆ ಅವಳು ಬಗ್ಗಿ, ಏನನ್ನೂ ಮುಚ್ಚಿಡದೆ ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು.

ಕನ್ನಡಕ ಹಾಕಿಕೊಂಡು ಮೊದಲ ಸಾಲು ಓದಿದೆ. 'ಇಮಾಮನ ಗುಡುಗು ಕೆಟ್ಟುಹೋಗಲಿ ಅಂತ ಶಾಮಣ್ಣ ಹಚ್ಚಿದ ರವೆ.' ಕೊನೆಗೂ ಗುಡುಗಿನ ಪುಟಕ್ಕೆ ನನ್ನ ಹೆಸರು ಹತ್ತಿತ್ತು. ಅಲ್ಲೂ ಅವನ ಹೆಸರೇ ಮೊದಲಿತ್ತು.